ಪದ ಪರಿಚಯ: ಸ್ಟುಡಿಯೊ ಬ್ಯಾಂಡ್

ವೇದಿಕೆಯ ಕಾರ್ಯಕ್ರಮಗಳಿಗಾಗಿ ಅಲ್ಲದೆ ಧ್ವನಿಮುದ್ರಣಕ್ಕೆಂದೇ ಕೂಡಿಬರುವ ವಾದ್ಯಗಾರರ ತಂಡವನ್ನು ಸ್ಟುಡಿಯೊ ಬ್ಯಾಂಡ್ ಎನ್ನುತ್ತಾರೆ. ಇದರಲ್ಲಿ ನುಡಿಸುವವರು ಬಹುಮಟ್ಟಿಗೆ ಸೆಷನ್ ಕಲಾವಿದರು, ಅಂದರೆ ಕರೆ ಬಂದ ಕಡೆ ಹೋಗಿ, ಯಾರ ಹಾಡಿಗಾದರೂ ನುಡಿಸಿ ಸಂಭಾವನೆ ಪಡೆಯುವ ನುರಿತವರು. ಹಾಗೆಂದು ಇಂಥ ತಂಡವನ್ನು ಹಗುರವಾಗಿ ಕಾಣುವುದು ಸರಿಯಲ್ಲ ಎಂಬುದಕ್ಕೆ ಅಮೆರಿಕದ 'ಇನ್‌ಕ್ರೆಡಿಬಲ್ ಬಾಂಗೊ ಬ್ಯಾಂಡ್' ಒಳ್ಳೆಯ ಸಾಕ್ಷಿ.

ಎಂಜಿಎಂ ರೆಕಾರ್ಡ್ಸ್ ಸಂಸ್ಥೆಯಲ್ಲಿದ್ದ ಮೈಕೆಲ್ ವೈನರ್, 1972ರಲ್ಲಿ ತೆರೆಕಂಡ ಒಂದು ಚಲನಚಿತ್ರದ ಸಂಗೀತದ ನೆಪದಲ್ಲಿ ಈ ತಂಡವನ್ನು ಕಟ್ಟಿದರು. ಮರುವರ್ಷ 'ಬಾಂಗೊ ರಾಕ್' ಎಂಬ ಆಲ್ಬಂ ಬಂತು. ಡ್ರಮ್ಸ್ ಜಿಮ್ ಗಾರ್ಡನ್ ಅವರದು, ಬಾಂಗೊ ಬಹಾಮಾಸ್ ಮೂಲದ ಕಿಂಗ್ ಎರಿಸನ್ ಅವರದು.

ಲ್ಯಾಟಿನ್ ಲಯವೂ ಫಂಕ್ ಎಂಬ, ತಾಳಕ್ಕೆ ಒತ್ತುಕೊಡುವ ಅಮೆರಿಕದ ನೃತ್ಯಸಂಗೀತವೂ ಇಲ್ಲಿ ಹೊಂದಿಕೊಂಡ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಂಗೊ ಕ್ಯೂಬಾದ ಜೋಡಿ ಚರ್ಮವಾದ್ಯ. ಮೊಣಕಾಲುಗಳ ನಡುವೆ ಇರಿಸಿಕೊಂಡು ಬೆರಳುಗಳಿಂದ ನುಡಿಸುತ್ತಾರೆ. ಅದರ ಮೂಲ ನಡೆಯಲ್ಲಿ ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ಎಂಟು ಸಮನಾದ ಪೆಟ್ಟುಗಳಿದ್ದು, ಹೆಚ್ಚಿನವು ಚಿಕ್ಕ ವಾದ್ಯದ ಮೇಲೆ ಬೀಳುತ್ತವೆ. ದೊಡ್ಡದರ ತುಂಬುನಾದ ನಾಲ್ಕನೆಯ ಎಣಿಕೆಯಲ್ಲಿ ಕೇಳಿಸುತ್ತದೆ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ರೂಢಿಸಿದ ಫಂಕ್‌ನಲ್ಲಾದರೋ ಭಾರವೆಲ್ಲ ಮೊದಲ ಎಣಿಕೆಯ ಮೇಲೆ. ಹೀಗಾಗಿ ಎರಡನ್ನೂ ಕೂಡಿಸಿದಾಗ ಬಾಂಗೊವಿನ ತಗ್ಗಿನ ನಾದವು ಕೇಳುಗನನ್ನು ಮುಂದಿನ ಆವರ್ತದ ಮೊದಲ ಪೆಟ್ಟಿಗೆ ನೂಕಿದಂತಾಗುತ್ತದೆ, ಕಾಲು ತಾನಾಗಿಯೇ ಕುಣಿಯುತ್ತದೆ.

ಈ ಆಲ್ಬಂನ 'ಅಪಾಚಿ' ಹೊಸ ರಚನೆಯಲ್ಲ. 1960ರಲ್ಲಿ ಬ್ರಿಟನ್ನಿನ 'ದಿ ಶ್ಯಾಡೋಸ್' ತಂಡ ಗಿಟಾರಿನಲ್ಲಿ ಜನಪ್ರಿಯಗೊಳಿಸಿದ ಧಾಟಿ. ಆದರೆ ಇಲ್ಲಿ ನಡುವೆ ಉಳಿದ ವಾದ್ಯಗಳೆಲ್ಲ ಹಿಂದೆ ಸರಿದು ಡ್ರಮ್ಸ್ ಮತ್ತು ಬಾಂಗೊ ಮಾತ್ರ ಮಾತಿಗಿಳಿಯುವ ಭಾಗವೊಂದಿದೆ. ಇಂಥ ಭಾಗಕ್ಕೆ 'ಬ್ರೇಕ್' ಎಂದು ಹೆಸರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಶುರುಮಾಡಿ, ಕುಣಿಯುವವರಿಗೆ ಬೇಕಾದಷ್ಟು ಹೊತ್ತು ಅದನ್ನು ಲಂಬಿಸುತ್ತಿದ್ದರು. ಹಿಪ್‌ಹಾಪ್ ಬೆಳೆದದ್ದು ಈ ವಿಧಾನದಿಂದ. ಮುಂದೆ ಹಲವು ರ್‍ಯಾಪ್ ಕಲಾವಿದರು 'ಅಪಾಚಿ'ಯ ಅದೇ ತುಣುಕನ್ನು ತಮ್ಮ ಹಾಡುಗಳ ತಳಪಾಯವಾಗಿ ಬಳಸಿಕೊಂಡರು.