ತೊಳೆದು ಚೆಲ್ಲುತ್ತಿದ್ದ ಪೊರೆಯಿಂದ ಬಂದ ಚಿಪ್

ಚಿಪ್ ಕಂಡುಹಿಡಿದವರು ಯಾರು ಅಂತ ಕೇಳಿದರೆ ಎರಡು ಹೆಸರು ಬರುತ್ತವೆ: ಜ್ಯಾಕ್ ಕಿಲ್ಬಿ ಮತ್ತು ರಾಬರ್ಟ್ ನಾಯ್ಸ್. ಇಬ್ಬರೂ ಆ ಗೌರವಕ್ಕೆ ತಕ್ಕವರೇ. ಆದರೆ ಅವರ ಪಕ್ಕದಲ್ಲಿ ಝಾನ್ ಹೋರ್ನಿ ಅನ್ನುವ ಮೂರನೆಯ ಹೆಸರೂ ಇರಲೇಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಚಿಪ್ ಮಾಡಬಹುದು ಅಂತ ಯೋಚಿಸುವುದು ಒಂದು, ಅದನ್ನು ಲಕ್ಷಗಟ್ಟಲೆ ತಯಾರಿಸುವುದು ಇನ್ನೊಂದು. ಈ ಎರಡನೆಯ ದಾರಿ ತೆರೆದವರು ಹೋರ್ನಿ.

1957ರಲ್ಲಿ ಎಂಟು ಮಂದಿ ತರುಣರು ಕ್ಯಾಲಿಫೋರ್ನಿಯಾದ ಶಾಕ್ಲಿ ಸೆಮಿಕಂಡಕ್ಟರ್ ಬಿಟ್ಟು ಹೊರಬಂದರು. ಅಲ್ಲಿನ ಯಜಮಾನ ವಿಲಿಯಂ ಶಾಕ್ಲಿ. ಕರೆಂಟನ್ನು ಹರಿಸುವ, ತಡೆಯುವ ಪುಟ್ಟ ಸಾಧನವಾದ ಟ್ರಾನ್ಸಿಸ್ಟರ್‌ನ ಸಂಶೋಧನೆಗೆ ಹಿಂದಿನ ವರ್ಷವಷ್ಟೇ ನೊಬೆಲ್ ಹಂಚಿಕೊಂಡಿದ್ದ ಮನುಷ್ಯ. ಆದರೆ ಅವರ ಕೈಕೆಳಗೆ ಕೆಲಸ ಮಾಡುವುದು ಕಷ್ಟವಾಗಿತ್ತು. ಹೊರಬಂದ ಎಂಟು ಜನ ಸೇರಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್, ಗಾರ್ಡನ್ ಮೂರ್, ಜೇ ಲಾಸ್ಟ್ ಎಲ್ಲರೂ ಆ ಗುಂಪಿನವರೇ. ಜಿನೀವಾದಲ್ಲಿ ಹುಟ್ಟಿದ, ಎರಡು ಡಾಕ್ಟರೇಟ್ ಪಡೆದಿದ್ದ ಹೋರ್ನಿಯೂ ಅವರಲ್ಲೊಬ್ಬರು.

ಅವರ ಮೊದಲ ದೊಡ್ಡ ಗಿರಾಕಿ ಐಬಿಎಂ. 100 ಟ್ರಾನ್ಸಿಸ್ಟರ್‌ಗೆ ಆರ್ಡರ್ ಬಂತು, ಒಂದಕ್ಕೆ 150 ಡಾಲರ್. ವ್ಯಾಪಾರ ಚೆನ್ನಾಗಿಯೇ ಶುರುವಾಯಿತು. ಆದರೆ ಸರಕಿನಲ್ಲಿ ಒಂದು ಖಾಯಿಲೆ ಇತ್ತು. ಆಗಿನ ಟ್ರಾನ್ಸಿಸ್ಟರ್‌ನಲ್ಲಿ ಸಿಲಿಕಾನ್ ಬಿಲ್ಲೆಯ ಸುತ್ತಲೂ ಆಸಿಡ್‌ನಿಂದ ಕೊರೆದು, ನಡುವೆ ಚಪ್ಪಟೆ ತಲೆಯ ಒಂದು ಪುಟ್ಟ ದಿಬ್ಬ ಉಳಿಸುತ್ತಿದ್ದರು. ಎರಡು ಬಗೆಯ ಸಿಲಿಕಾನ್ ಕೂಡುವ ಜಾಗ, ಅಂದರೆ ಜಂಕ್ಷನ್, ಆ ದಿಬ್ಬದ ಬದಿಯಲ್ಲಿ ಬಯಲಾಗಿಯೇ ಇರುತ್ತಿತ್ತು. ಇಡೀ ಟ್ರಾನ್ಸಿಸ್ಟರ್‌ನ ಕೆಲಸ ನಡೆಯುವುದೇ ಅಲ್ಲಿ. ಅದನ್ನು ಒಂದು ಲೋಹದ ಡಬ್ಬಿಯಲ್ಲಿ ಹಾಕಿ ಮುಚ್ಚುತ್ತಿದ್ದರು. ಡಬ್ಬಿಯೊಳಗೆ ಒಂದು ಧೂಳಿನ ಕಣವೋ ಲೋಹದ ಚೂರೋ ಉಳಿದಿದ್ದರೆ ಮುಗಿಯಿತು, ಅದು ಯಾವಾಗಲೋ ಒಮ್ಮೆ ಜಂಕ್ಷನ್ ಮೇಲೆ ಬಿದ್ದು ಶಾರ್ಟ್ ಆಗುತ್ತಿತ್ತು. ಪೆನ್ಸಿಲ್‌ನಿಂದ ಡಬ್ಬಿಯನ್ನು ಮೆಲ್ಲಗೆ ತಟ್ಟಿದರೂ ಸಾಕು, ಚೆನ್ನಾಗಿದ್ದ ಟ್ರಾನ್ಸಿಸ್ಟರ್ ಸುಮ್ನೆ ಸತ್ತುಹೋಗುತ್ತಿತ್ತು. ಮಿನಿಟ್‌ಮ್ಯಾನ್ ಕ್ಷಿಪಣಿಯೊಳಗೆ ಕೂರಬೇಕಾದ ವಸ್ತು ಹೀಗಿದ್ದರೆ ಹೇಗೆ?

ಮದ್ದು ಅವರ ಕೈಯಲ್ಲೇ ಇತ್ತು, ಅದನ್ನು ದಿನಾ ತೊಳೆದು ಚೆಲ್ಲುತ್ತಿದ್ದರು. 1955ರಲ್ಲಿ ಬೆಲ್ ಲ್ಯಾಬ್ಸ್‌ನ ಕಾರ್ಲ್ ಫ್ರಾಷ್ ಮತ್ತು ಲಿಂಕನ್ ಡೆರಿಕ್ ಅವರ ಕುಲುಮೆಯಲ್ಲಿ ಆಕಸ್ಮಿಕವಾಗಿ ನೀರಾವಿ ಉಂಟಾಗಿ, ಸಿಲಿಕಾನ್ ಬಿಲ್ಲೆಯ ಮೇಲೆ ಗಾಜಿನಂಥ ತೆಳು ಪೊರೆ ಬೆಳೆದಿತ್ತು. ಅದು ಸಿಲಿಕಾನ್ ಡೈಆಕ್ಸೈಡ್. ಸಿಲಿಕಾನ್‌ನ ಬಗೆ ಬದಲಿಸಲು ಅದರೊಳಗೆ ಬೆರೆಸುವ ಬೋರಾನ್, ಫಾಸ್ಫರಸ್‌ಗಳು ಈ ಪೊರೆಯನ್ನು ದಾಟುವುದಿಲ್ಲ. ಹಾಗಾಗಿ ಪೊರೆಯಲ್ಲಿ ಬೇಕಾದ ಕಡೆ ಕಿಟಕಿ ಕೊರೆದು, ಅಲ್ಲಿಂದ ಮಾತ್ರ ಅವನ್ನು ಒಳಗೆ ಬಿಡಬಹುದು. ಈ ಉಪಾಯವನ್ನು ಎಲ್ಲರೂ ಬಳಸಿದರು. ಕೆಲಸ ಮುಗಿದ ಮೇಲೆ ಪೊರೆಯಲ್ಲಿ ಕೊಳೆ ಸೇರಿದೆ ಅಂತ ಆಸಿಡ್‌ನಲ್ಲಿ ತೊಳೆದುಬಿಡುತ್ತಿದ್ದರು.

ಹೋರ್ನಿ ಮಾತ್ರ ಬೇರೆ ಥರ ಯೋಚಿಸಿದರು. ಪೊರೆಯನ್ನು ಅಲ್ಲೇ ಬಿಟ್ಟರೆ? 1957ರ ಡಿಸೆಂಬರ್‌ನಲ್ಲೇ ಅವರು ಇದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ದಿಬ್ಬ ಬೇಡ, ಬಿಲ್ಲೆ ಪೂರ್ತಿ ಚಪ್ಪಟೆಯಾಗಿಯೇ ಇರಲಿ. ಕಿಟಕಿಯಿಂದ ಒಳಹೋದ ಬೋರಾನ್, ಫಾಸ್ಫರಸ್ ಅಕ್ಕಪಕ್ಕಕ್ಕೂ ಸ್ವಲ್ಪ ಹರಡುತ್ತವೆ ಅಲ್ವಾ? ಹಾಗಾಗಿ ಜಂಕ್ಷನ್‌ನ ಅಂಚು ಪೊರೆಯ ಅಡಿಯಲ್ಲೇ ಬಂದು ನಿಲ್ಲುತ್ತದೆ. ಅದು ಹುಟ್ಟುವುದೇ ಮುಚ್ಚಿದ ಜಾಗದಲ್ಲಿ, ಗಾಳಿ ಧೂಳು ಅದನ್ನು ಮುಟ್ಟುವುದೇ ಇಲ್ಲ. 1959ರ ಮಾರ್ಚ್‌ನಲ್ಲಿ ಹೋರ್ನಿ ಇದನ್ನು ಮಾಡಿ ತೋರಿಸಿದರು.

ಈ ಪೊರೆ ನೋಡಲೂ ಚೆಂದ. ಮಳೆಗಾಲದ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿದಾಗ ಬಣ್ಣ ಬರುತ್ತದಲ್ಲ, ಅದೇ ಕಾರಣಕ್ಕೆ ಇಲ್ಲೂ ಬಣ್ಣ ಬರುತ್ತದೆ. ದಪ್ಪ ಬದಲಾದ ಹಾಗೆ ಬಿಲ್ಲೆ ನೇರಳೆ, ನೀಲಿ, ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಕುಲುಮೆಯಿಂದ ಹೊರತೆಗೆದ ಬಿಲ್ಲೆಯ ಬಣ್ಣ ನೋಡಿಯೇ ಪೊರೆ ಎಷ್ಟು ದಪ್ಪ ಬೆಳೆದಿದೆ ಅಂತ ಅಂದಾಜು ಮಾಡುವುದು ಈ ಕೆಲಸದವರಿಗೆ ಅಭ್ಯಾಸ.

ಹೋರ್ನಿಯ ಪೇಟೆಂಟ್ ಅರ್ಜಿ ತಯಾರಾಗುತ್ತಿದ್ದಾಗ ವಕೀಲ ಜಾನ್ ರಾಲ್ಸ್ ಒಂದು ಪ್ರಶ್ನೆ ಎತ್ತಿದರು: ಈ ವಿಧಾನದಿಂದ ಇನ್ನೇನೇನು ಮಾಡಬಹುದು? ನಾಯ್ಸ್ ತಲೆ ಓಡಿತು. ಪೊರೆ ಕರೆಂಟ್ ಹರಿಯಲು ಬಿಡುವುದಿಲ್ಲ. ಅಂದಮೇಲೆ ಅದರ ಮೇಲೆಯೇ ಅಲ್ಯೂಮಿನಿಯಂ ಗೆರೆ ಎಳೆದು, ಕಿಟಕಿ ಇರುವ ಕಡೆ ಮಾತ್ರ ಕೆಳಗಿನ ಸಿಲಿಕಾನ್‌ಗೆ ಮುಟ್ಟಿಸಿದರೆ, ಒಂದೇ ಬಿಲ್ಲೆಯ ಹಲವು ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಬಹುದು. 1959ರ ಜನವರಿ 23ರಂದು ಅವರು ಇದನ್ನು ಬರೆದಿಟ್ಟರು.

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಕಿಲ್ಬಿ ಇದಕ್ಕೂ ಮೊದಲೇ, 1958ರ ಸೆಪ್ಟೆಂಬರ್ 12ರಂದು, ಒಂದೇ ಜರ್ಮೇನಿಯಂ ತುಂಡಿನಲ್ಲಿ ಇಡೀ ಸರ್ಕ್ಯೂಟ್ ಮಾಡಿ ಓಡಿಸಿ ತೋರಿಸಿದ್ದರು. ಮೊದಲಿಗರು ಅವರೇ. 2000ದಲ್ಲಿ ಅವರಿಗೆ ನೊಬೆಲ್ ಬಂತು. ನಾಯ್ಸ್ 1990ರಲ್ಲೇ ತೀರಿಕೊಂಡಿದ್ದರು. ಆದರೆ ಕಿಲ್ಬಿಯ ತುಂಡಿನ ಮೇಲೆ ಚಿನ್ನದ ತಂತಿಗಳು ಗಾಳಿಯಲ್ಲಿ ಹಾಯುತ್ತಿದ್ದವು. ಒಂದೊಂದನ್ನೂ ಕೈಯಿಂದಲೇ ಕೂರಿಸಬೇಕು. ಸಾವಿರ ಟ್ರಾನ್ಸಿಸ್ಟರ್ ಇದ್ದರೆ ಎಷ್ಟು ತಂತಿ? ಜರ್ಮೇನಿಯಂನ ಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಅಲ್ಲಿ ಹೋರ್ನಿಯ ಉಪಾಯ ನಡೆಯುವುದೂ ಇಲ್ಲ. ಜರ್ಮೇನಿಯಂ ಹಿಂದೆ ಬಿದ್ದದ್ದಕ್ಕೆ ಇದು ದೊಡ್ಡ ಕಾರಣ. ನಮ್ಮ ಬೆಂಗಳೂರಿನ ಬಿಇಎಲ್ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಶುರುಮಾಡಿತು. ಅಷ್ಟರಲ್ಲಿ ಅಮೆರಿಕದ ಗಾಳಿ ಸಿಲಿಕಾನ್ ಕಡೆಗೆ ಬೀಸತೊಡಗಿತ್ತು.

ನಾಯ್ಸ್ ಕಾಗದದ ಮೇಲೆ ಬರೆದದ್ದನ್ನು ಕೈಯಾರೆ ಮಾಡಿದ್ದು ಜೇ ಲಾಸ್ಟ್ ತಂಡ. ಫೇರ್‌ಚೈಲ್ಡ್‌ನಲ್ಲಿ ಕಿಟಕಿಗಳ ನಕ್ಷೆಯನ್ನು ಬಿಲ್ಲೆಗೆ ಇಳಿಸಲು ಬೇಕಾದ ಕ್ಯಾಮೆರಾವನ್ನು ಲಾಸ್ಟ್ ಮತ್ತು ನಾಯ್ಸ್ ತಾವೇ ಕಟ್ಟಿಕೊಂಡಿದ್ದರು. ಅದಕ್ಕೆ ಹಾಕಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಮೆರಾ ಅಂಗಡಿಯಲ್ಲಿ ಕೊಂಡ 16 ಮಿಲಿಮೀಟರ್ ಸಿನಿಮಾ ಕ್ಯಾಮೆರಾದ ಲೆನ್ಸ್‌ಗಳು! 1960ರಲ್ಲಿ ಚಪ್ಪಟೆ ಸಿಲಿಕಾನ್ ಚಿಪ್ ಕೆಲಸ ಮಾಡಿತು. ಕಂಪನಿಯೊಳಗೇ ಇದು ದುಡ್ಡು ದಂಡ ಅಂತ ಗೊಣಗಿದವರಿದ್ದರು. ಲಾಸ್ಟ್, ಹೋರ್ನಿ ಇಬ್ಬರೂ 1961ರಲ್ಲಿ ಹೊರಟುಹೋದರು. ಅಪೊಲೊ ಚಂದ್ರಯಾನದ ಕಂಪ್ಯೂಟರ್ ಇಂಥ ಚಿಪ್‌ಗಳನ್ನೇ ನಂಬಿಕೊಂಡಿತು. 1963ರ ಹೊತ್ತಿಗೆ ಅಮೆರಿಕದ ಚಿಪ್ ಉತ್ಪಾದನೆಯ ಸುಮಾರು 60% ಆ ಒಂದೇ ಕೆಲಸಕ್ಕೆ ಹೋಗುತ್ತಿತ್ತು.

ಪೊರೆಗೆ ಇನ್ನೂ ದೊಡ್ಡ ಕೆಲಸ ಕಾದಿತ್ತು. ಈಜಿಪ್ಟ್‌ನಲ್ಲಿ ಹುಟ್ಟಿದ ಮೊಹಮದ್ ಅಟಲ್ಲಾ, ಕೊರಿಯಾದಲ್ಲಿ ಹುಟ್ಟಿದ ಡಾವಾನ್ ಕಾಂಗ್ ಇಬ್ಬರೂ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನೇ ಟ್ರಾನ್ಸಿಸ್ಟರ್‌ನ ಒಂದು ಅಂಗವಾಗಿಸಿದರು. ಪೊರೆಯ ಮೇಲೆ ಒಂದು ಲೋಹದ ಗೇಟ್. ಅದಕ್ಕೆ ವೋಲ್ಟೇಜ್ ಕೊಟ್ಟರೆ ಕೆಳಗಿನ ಸಿಲಿಕಾನ್‌ನಲ್ಲಿ ಕರೆಂಟ್ ಹರಿಯುತ್ತದೆ, ತೆಗೆದರೆ ನಿಲ್ಲುತ್ತದೆ. ಇದೇ ಮಾಸ್ (MOS, ಅಂದರೆ ಲೋಹ-ಆಕ್ಸೈಡ್-ಸೆಮಿಕಂಡಕ್ಟರ್) ಟ್ರಾನ್ಸಿಸ್ಟರ್. 1968ರಲ್ಲಿ ಫೆಡರಿಕೋ ಫಾಜಿನ್ ಲೋಹದ ಜಾಗಕ್ಕೆ ಸಿಲಿಕಾನ್ ಗೇಟನ್ನೇ ತಂದು ಈ ತಯಾರಿಕೆಯನ್ನು ಪಳಗಿಸಿದರು. 1971ರ ಇಂಟೆಲ್ 4004 ಮೈಕ್ರೊಪ್ರೊಸೆಸರ್ ಚಿಪ್‌ನಲ್ಲಿ ಅಂಥ 2,300 ಟ್ರಾನ್ಸಿಸ್ಟರ್‌ಗಳಿದ್ದವು.

ಮುಂದೆ ಟ್ರಾನ್ಸಿಸ್ಟರ್ ಕುಗ್ಗಿದಂತೆಲ್ಲ ಗೇಟ್ ಅಡಿಯ ಪೊರೆಯೂ ತೆಳುವಾಗುತ್ತ ಬಂತು. ಕೊನೆಗೆ ಸುಮಾರು 1.2 ನ್ಯಾನೊಮೀಟರ್, ಅಂದರೆ ಐದಾರು ಪರಮಾಣುಗಳಷ್ಟು ದಪ್ಪ. ಅಷ್ಟು ತೆಳುವಾದ ಮೇಲೆ ಎಲೆಕ್ಟ್ರಾನ್‌ಗಳು ಅದನ್ನು ತೂರಿಕೊಂಡು ಸೋರತೊಡಗಿದವು, ಚಿಪ್ ಸುಮ್ನೆ ಬಿಸಿಯಾಗತೊಡಗಿತು. 2007ರಲ್ಲಿ ಇಂಟೆಲ್ ಆ ಜಾಗಕ್ಕೆ ಹಾಫ್ನಿಯಂ ಬೆರೆತ ಪದರ ತಂದಿತು. ಇದು ದಪ್ಪವಾಗಿದ್ದರೂ ಗೇಟ್‌ನ ಹಿಡಿತ ಸಡಿಲವಾಗುವುದಿಲ್ಲ, ಸೋರಿಕೆ ಮಾತ್ರ ತೀರಾ ಕಡಿಮೆ. ಹಾಗಂತ ಹಳೆಯ ಪೊರೆ ಚಿಪ್ ಬಿಟ್ಟು ಹೋಗಿಲ್ಲ. ಒಂದು ಟ್ರಾನ್ಸಿಸ್ಟರ್‌ಗೂ ಪಕ್ಕದ್ದಕ್ಕೂ ನಡುವಿನ ಕಾಲುವೆಯಲ್ಲಿ ಇವತ್ತಿಗೂ ತುಂಬುವುದು ಸಿಲಿಕಾನ್ ಡೈಆಕ್ಸೈಡನ್ನೇ.