ರಾತ್ರಿ ತಿರುಗಿಸಿದ ವಾಲ್ವು, 25 ವರ್ಷದ ಬಿಲ್

1978ರ ಬೇಸಿಗೆ. ಅಮೆರಿಕದ ನಾರ್ತ್ ಕೆರೊಲಿನಾದ ಹಳ್ಳಿ ರಸ್ತೆಗಳಲ್ಲಿ ರಾತ್ರಿ ಹೊತ್ತು ಟ್ಯಾಂಕರ್ ಲಾರಿ ಓಡಾಡುತ್ತಿತ್ತು. ಕೆಳಗಿನ ವಾಲ್ವು ತೆರೆದು, ರಸ್ತೆ ಅಂಚಿನ ಮಣ್ಣಿಗೆ ಎಣ್ಣೆ ಸುರಿಸುತ್ತಾ ಹೋಗುವುದು, ಅಷ್ಟೇ ಕೆಲಸ. ಹೀಗೆ 14 ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ), 320 ಕಿ.ಮೀ.ಗೂ ಜಾಸ್ತಿ ದೂರ, ಸುಮಾರು 1.17 ಲಕ್ಷ ಲೀಟರ್ ಚೆಲ್ಲಿದರು. ಬೆಂಗಳೂರಿನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಲೋಡು.

ಅದು ಟ್ರಾನ್ಸ್‌ಫಾರ್ಮರ್‌ಗಳ ಹಳೇ ಎಣ್ಣೆ. ಅದರಲ್ಲಿ ಪಿಸಿಬಿ ಇತ್ತು, ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್. (ಮೊಬೈಲ್ ರಿಪೇರಿಯವರು ಹೇಳುವ ಪಿಸಿಬಿ ಬೇರೆ, ಅದು ಸರ್ಕ್ಯೂಟ್ ಬೋರ್ಡು.) ಇದಕ್ಕೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಬಿಸಿಗೆ ಕೆಡುವುದಿಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಮಣ್ಣಿಗೆ ಬಿದ್ದರೂ ಕೆಡುವುದಿಲ್ಲ, ಅದೇ ತಲೆನೋವು. ನೀರಿನಲ್ಲಿ ಹೆಚ್ಚು ಕರಗದೆ ಕೊಬ್ಬಿನಲ್ಲಿ ಕರಗುವುದರಿಂದ ಮೀನು, ದನ, ಕೊನೆಗೆ ನಮ್ಮ ಮೈಯಲ್ಲೂ ಬಂದು ಕೂರುತ್ತದೆ, ಕ್ಯಾನ್ಸರ್ ತರಬಲ್ಲದು. ಕಾನೂನು ಬಿಗಿಯಾಗುತ್ತಿದ್ದ ಕಾಲ ಅದು. ಸರಿಯಾಗಿ ವಿಲೇವಾರಿ ಮಾಡಲು ದುಡ್ಡು ಬೇಕಿತ್ತು, ರಸ್ತೆ ಪುಕ್ಕಟೆ.

ಒಂದು ಮೂಟೆ ರಾಗಿ ಮೇಲೆ ಒಂದು ಲೋಟ ಸೀಮೆಎಣ್ಣೆ ಚೆಲ್ಲಿತು ಅಂದುಕೊಳ್ಳಿ. ಕೆಟ್ಟಿದ್ದು ಒಂದು ಲೋಟವಾ? ಇಡೀ ಮೂಟೆ ಹೋಯಿತು ಅಲ್ವಾ? ಇಲ್ಲೂ ಅದೇ ಆಯಿತು. ಕೆರೆದು ತೆಗೆಯಬೇಕಾದ ಮಣ್ಣು ಸುಮಾರು 30,000 ಘನ ಮೀಟರ್. ಅಂದರೆ ಚೆಲ್ಲಿದ ಪ್ರತಿ ಲೀಟರ್ ಎಣ್ಣೆಗೆ 260 ಲೀಟರ್ ಮಣ್ಣು. ಬೆರೆಸಲು ಒಂದು ವಾಲ್ವು ಸಾಕು, ಬೇರೆ ಮಾಡುವುದಕ್ಕೆ ಮಾತ್ರ ಖರ್ಚು. ಸುರಿದವರಿಗೆ ಶಿಕ್ಷೆಯಾಯಿತು ನಿಜ, ಆದರೆ ಜೈಲು ಮಣ್ಣನ್ನು ತೊಳೆಯುವುದಿಲ್ಲ.

ಇಂಥ ಕಡೆ ದುಡ್ಡು ಯಾರು ಹಾಕಬೇಕು? 1980ರ ಡಿಸೆಂಬರ್‌ನಲ್ಲಿ ಅಮೆರಿಕ 'ಸೂಪರ್‌ಫಂಡ್' ಕಾನೂನು ತಂದಿತು. ಪೆಟ್ರೋಲಿಯಂ, ರಾಸಾಯನಿಕ ಕಂಪನಿಗಳ ಮೇಲೆ ತೆರಿಗೆ ಹಾಕಿ, ಐದು ವರ್ಷಕ್ಕೆ 160 ಕೋಟಿ ಡಾಲರ್ ನಿಧಿ. ಮೊದಲು ಸರ್ಕಾರ ಶುಚಿ ಮಾಡಬಹುದು, ಆಮೇಲೆ ಹೊಲಸು ಮಾಡಿದವರಿಂದ ವಸೂಲಿ ಮಾಡಬಹುದು. ಹೀಗೆ ಶುಚಿ ಮಾಡಬೇಕಾದ ಜಾಗಗಳ ಪಟ್ಟಿಗೆ ಈ ರಸ್ತೆ ಅಂಚುಗಳೂ ಸೇರಿದವು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ 1995ರ ಕೊನೆಗೆ ತೆರಿಗೆ ಅವಧಿ ಮುಗಿಯಿತು, ಹೊರೆ ಮೆಲ್ಲಗೆ ಸಾಮಾನ್ಯ ತೆರಿಗೆದಾರರ ತಲೆ ಮೇಲೆ ಬಂತು. ರಾಸಾಯನಿಕಗಳ ಮೇಲಿನ ತೆರಿಗೆಯನ್ನು ವಾಪಸ್ ತರಲು 2021ರ ಕಾನೂನೇ ಬೇಕಾಯಿತು.

ಕೆರೆದ ಮಣ್ಣನ್ನು ಎಲ್ಲಿಗೆ ಹಾಕುವುದು? ಬಡವರು, ಕಪ್ಪು ಜನರು ಜಾಸ್ತಿ ಇದ್ದ ವಾರೆನ್ ಕೌಂಟಿಗೆ! ಅಲ್ಲಿನವರು ಕುಡಿಯುತ್ತಿದ್ದುದು ಬಾವಿ ನೀರು. 1982ರಲ್ಲಿ ಜನ ಲಾರಿಗಳ ಮುಂದೆ ರಸ್ತೆಯಲ್ಲೇ ಮಲಗಿಬಿಟ್ಟರು. 500ಕ್ಕೂ ಜಾಸ್ತಿ ಜನರ ಬಂಧನವಾಯಿತು. ಆದರೂ ಮಣ್ಣನ್ನು ಅಲ್ಲೇ ಗುಂಡಿಯಲ್ಲಿ ಹೂತರು. ತಂತ್ರಜ್ಞಾನ ಕೈಗೆ ಬಂದ ದಿನ ವಿಷ ತೆಗೆಸುತ್ತೇವೆ ಎಂದು ಗವರ್ನರ್ ಮಾತು ಕೊಟ್ಟರು.

ಆ ದಿನ ಬರಲು ಇಪ್ಪತ್ತು ವರ್ಷ ಹಿಡಿಯಿತು. ಹೂತ ಮಣ್ಣನ್ನು ಮತ್ತೆ ಅಗೆದು ತೆಗೆದು, 400 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯಿಸಿದರು. ಅಷ್ಟು ಬಿಸಿಗೆ ಪಿಸಿಬಿ ಆವಿಯಾಗಿ ಮಣ್ಣು ಬಿಡುತ್ತದೆ. ಆ ಆವಿಯನ್ನು ಹಿಡಿದು ತಣಿಸಿ, ಅದರೊಳಗಿನ ಕ್ಲೋರಿನ್ ಕಿತ್ತು ಹಾಕುವುದು ಮುಂದಿನ ಕೆಲಸ. ಒಟ್ಟು ಖರ್ಚು ಸುಮಾರು 1.8 ಕೋಟಿ ಡಾಲರ್, ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ದುಡ್ಡು. 2003ರಲ್ಲಿ ಕೆಲಸ ಮುಗಿಯಿತು. ಬೆಂದ ಮಣ್ಣನ್ನು ಅದೇ ಗುಂಡಿಗೆ ತುಂಬಿ, ಮೇಲೆ ಹುಲ್ಲು ಬಿತ್ತಿದರು.