ಎಫೆಸಸ್ ನೋಡಿದ ಮೇಲೆ ಪ್ರಿಯೀನ್ ಯಾಕೆ?

ಪ್ರಶ್ನೆ: ಟರ್ಕಿಗೆ ಹೊರಟಿದ್ದೇವೆ, ಅಲ್ಲಿನ ಪ್ರಾಚೀನ ನಗರ ಎಫೆಸಸ್ ಅಂತೂ ನೋಡುತ್ತೇವೆ. ಪ್ರಿಯೀನ್‌ಗೂ ಹೋಗಬೇಕಾ? ಸಮುದ್ರ ಹಿಂದೆ ಸರಿದು ಹಾಳಾದ ಹಳೇ ಗ್ರೀಕ್ ಊರಂತೆ. ಅಲ್ಲಿ ನೋಡೋಕೆ ಏನಿದೆ?

ಹೋಗಿ. ಅರ್ಧ ದಿನ ಇಟ್ಟುಕೊಳ್ಳಿ. ಸೋಕೆ ಪಟ್ಟಣದಿಂದ ಗುಲ್ಲುಬಾಹ್ಚೆ ಹಳ್ಳಿಗೆ ಮಿನಿಬಸ್ ಸಿಗುತ್ತದೆ, ಅಲ್ಲಿಂದ ಮೇಲೆ ಹತ್ತಬೇಕು. ಟೋಪಿ, ನೀರು, ಜಾರದ ಶೂ ಬೇಕೆಂದು ಬೇರೆ ಹೇಳಬೇಕಿಲ್ಲ.

ಈಗ ಆ 'ಸಮುದ್ರ ಹಿಂದೆ ಸರಿಯಿತು' ಅನ್ನೋ ಮಾತಿಗೆ ಬರೋಣ. ಎಷ್ಟು ಸಲ ಹೇಳಿದರೂ ಇದು ಹೋಗುವುದೇ ಇಲ್ಲ. ಗೈಡ್‌ಗಳೂ ಹೇಳುತ್ತಾರೆ, ಹೋಗಿ ಬಂದವರೂ ಹೇಳುತ್ತಾರೆ. ಸಮುದ್ರ ಎಲ್ಲಿಗೂ ಸರಿದಿಲ್ಲ!

ಮ್ಯಾಪ್ ತೆಗೆಯಿರಿ. ಪ್ರಿಯೀನ್ ಇರುವುದು ಮಿಕಾಲೆ ಬೆಟ್ಟದ ದಕ್ಷಿಣ ಮಗ್ಗುಲಲ್ಲಿ. ಅದೇ ಬೆಟ್ಟದ ಪಶ್ಚಿಮ ತುದಿಯ ಎದುರಿಗೆ ಸಾಮೋಸ್ ದ್ವೀಪವಿದೆ, ನಡುವೆ ಎರಡು ಕಿಲೋಮೀಟರಿಗೂ ಕಿರಿದಾದ ಜಲಸಂಧಿ. ನೀರಿನ ಮಟ್ಟವೇ ಇಳಿದು ಪ್ರಿಯೀನ್‌ನಿಂದ ಸಮುದ್ರ ಹತ್ತು ಕಿಲೋಮೀಟರಿಗಿಂತ ದೂರ ಹೋಗಿದ್ದರೆ, ಆ ಜಲಸಂಧಿಯ ಗತಿ ಏನಾಗಬೇಕಿತ್ತು? ಅಲ್ಲಿ ಇವತ್ತಿಗೂ ಸಮುದ್ರ ತುಂಬಿಕೊಂಡೇ ಇದೆ. ಬೆಟ್ಟದ ಒಂದು ಕಡೆ ಮಾತ್ರ ಸಮುದ್ರ ಇಳಿಯಲು ಸಾಧ್ಯವೇ ಇಲ್ಲ ಅಲ್ವಾ?

ಆಗಿದ್ದು ಇಷ್ಟೇ. ಮೇಯಾಂಡರ್ ನದಿ, ಈಗಿನ ಬ್ಯುಯುಕ್ ಮೆಂಡೆರೆಸ್, ಒಳನಾಡಿನ ಮಣ್ಣನ್ನೆಲ್ಲ ಹೊತ್ತು ತಂದು ಪ್ರಿಯೀನ್ ಎದುರಿಗಿದ್ದ ಕೊಲ್ಲಿಗೆ ಸುರಿಯಿತು. ಕೆರೆಗೆ ಹೂಳು ತುಂಬಿದ ಹಾಗೆ ಕೊಲ್ಲಿಗೇ ಹೂಳು ತುಂಬಿತು. ಮೇಲಿನ ಬೆಟ್ಟಗಳಲ್ಲಿ ಕಾಡು ಕಡಿದು, ಉತ್ತು, ಕುರಿ ಮೇಯಿಸಿದ್ದಕ್ಕೆ ಮಣ್ಣು ಇನ್ನೂ ಜಾಸ್ತಿ ಬಂತು. ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಇದನ್ನು ಬರೆದಿಟ್ಟಿದ್ದಾನೆ: ಮೊದಲು ಕಡಲ ಬಳಿ ಇದ್ದ ಪ್ರಿಯೀನ್ ನದಿಯ ಹೂಳಿನಿಂದ 40 ಸ್ಟೇಡಿಯಾ ಒಳಗಾಯಿತು ಎಂದು. ನಮ್ಮ ಲೆಕ್ಕದಲ್ಲಿ ಏಳು ಕಿಲೋಮೀಟರಿನ ಮೇಲೆ. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರಿಗೂ ಅಯೋನಿಯದ (ಅಂದರೆ ಈ ಕರಾವಳಿಯ) ಗ್ರೀಕರಿಗೂ ದೊಡ್ಡ ನೌಕಾಯುದ್ಧ ನಡೆದದ್ದು ಲಾಡೆ ದ್ವೀಪದ ಬಳಿ. ಆ ದ್ವೀಪ ಈಗ ಬಯಲಿನ ನಡುವೆ ಒಂದು ದಿಬ್ಬ. ಕೊಲ್ಲಿಯ ಒಳತುದಿ ಕಡಲಿನಿಂದ ಬೇರೆಯಾಗಿ ಬಫಾ ಸರೋವರವಾಗಿ ಉಳಿದಿದೆ.

ಇದೆಲ್ಲ ಒಂದು ರಾತ್ರಿಯಲ್ಲಿ ಆಗಿದ್ದೂ ಅಲ್ಲ. ಶತಮಾನಗಳೇ ಹಿಡಿದವು. ಜನ ಗಂಟುಮೂಟೆ ಕಟ್ಟಿಕೊಂಡು ಓಡಿಹೋಗಲಿಲ್ಲ. ಥಿಯೇಟರ್ ಪಕ್ಕದಲ್ಲೇ ಬೈಜಾಂಟೈನ್ ಕಾಲದ ಚರ್ಚ್ ಇದೆ, ನೋಡಿ. ಅಂದರೆ ಶತಮಾನಗಳ ನಂತರವೂ ಇಲ್ಲಿ ಜನ ಇದ್ದರು.

ಇಷ್ಟು ಕೊರೆದದ್ದು ಸುಮ್ನೆ ಅಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಈ ಹೂಳಿನಲ್ಲೇ ಇದೆ. ಎಫೆಸಸ್‌ನಲ್ಲಿ ಎಲ್ಲರೂ ಫೋಟೋ ತೆಗೆಯುವ ಸೆಲ್ಸಸ್ ಗ್ರಂಥಾಲಯ ರೋಮನ್ನರ ಕಾಲದ್ದು, ಕ್ರಿ.ಶ. 2ನೇ ಶತಮಾನದ್ದು. ಅಲ್ಲಿ ಬಂದರು ಇತ್ತು, ದುಡ್ಡಿತ್ತು, ಹಳೆಯದನ್ನು ಕೆಡವಿ ಹೊಸದು ಕಟ್ಟಿದರು. ಬಂದರು ಕಳೆದುಕೊಂಡ ಪ್ರಿಯೀನ್ ಕಡೆ ಅಷ್ಟು ದುಡ್ಡು ಬರಲಿಲ್ಲ. ಹಾಗಾಗಿ ಕ್ರಿ.ಪೂ. 4ನೇ ಶತಮಾನದಲ್ಲಿ ಹಾಕಿದ ಗ್ರೀಕ್ ಊರಿನ ನಕ್ಷೆ ಹಾಗೇ ಉಳಿಯಿತು. ಕಡಿದಾದ ಇಳಿಜಾರಿನ ಮೇಲೂ ಹಟ ಹಿಡಿದು ಬೀದಿಗಳನ್ನು ನೇರಕ್ಕೆ, ಅಡ್ಡಕ್ಕೆ ಹಾಕಿದ್ದಾರೆ. ಪೂರ್ವ-ಪಶ್ಚಿಮದ ಬೀದಿಗಳು ಹೆಚ್ಚುಕಮ್ಮಿ ಸಮತಟ್ಟು, ಅಡ್ಡ ಬೀದಿಗಳಲ್ಲಿ ಬರೀ ಮೆಟ್ಟಿಲು.

ಅಥೀನಾ ದೇವಾಲಯದ ಐದು ಕಂಬಗಳನ್ನು 1960ರ ದಶಕದಲ್ಲಿ ಮತ್ತೆ ನಿಲ್ಲಿಸಿದರು. ಅಲೆಕ್ಸಾಂಡರ್ ಅದನ್ನು ಅರ್ಪಿಸಿದ ಶಾಸನ ಅಲ್ಲಿ ಹುಡುಕಬೇಡಿ, ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಥಿಯೇಟರ್‌ನ ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಇಟ್ಟ ಅಮೃತಶಿಲೆಯ ಕುರ್ಚಿಗಳಿಗೆ ಸಿಂಹದ ಪಂಜದ ಕಾಲು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ: ಊರಿನ ಹುಡುಗರು ಎಲ್ಲಿ ಓದುತ್ತಿದ್ದರು? ಊರಿನ ತೀರಾ ಕೆಳಗೆ, ಜಿಮ್ನೇಸಿಯಂನಲ್ಲಿ, ಅಂದರೆ ಗ್ರೀಕರ ಹುಡುಗರು ವ್ಯಾಯಾಮ, ಪಾಠ ಎರಡನ್ನೂ ಕಲಿಯುತ್ತಿದ್ದ ಜಾಗದಲ್ಲಿ. ಅಲ್ಲಿನ ಪಾಠದ ಕೋಣೆಯ ಗೋಡೆಯಲ್ಲಿ 700ಕ್ಕೂ ಹೆಚ್ಚು ಹೆಸರುಗಳನ್ನು ಕೊರೆದಿದ್ದಾರೆ, 'ಇದು ಇಂಥವನ ಜಾಗ' ಎಂದು. ಬೆಂಚಿನ ಮೇಲೆ ಹೆಸರು ಕೆತ್ತಿದವರಿಗೆಲ್ಲ ಇವರೇ ಹಿರಿಯರು. ಅವರು ಕೆತ್ತಿದ್ದಾರೆಂದು ನೀವು ಕೈ ಹಾಕಬೇಡಿ. ಪಕ್ಕದಲ್ಲೇ ಕೈಕಾಲು ತೊಳೆಯುವ ಕೋಣೆ, ಸಿಂಹದ ಬಾಯಿಂದ ನೀರು ಬೀಳುವಂತೆ ಮಾಡಿದ ತೊಟ್ಟಿಸಾಲು. ವಾಪಸ್ ಹತ್ತಬೇಕಲ್ಲ ಎಂದು ಎಷ್ಟೋ ಜನ ಇಲ್ಲಿಗೆ ಇಳಿಯುವುದೇ ಇಲ್ಲ. ಬಿಸಿಲೇರುವ ಮುಂಚೆ ಮೊದಲು ಇದನ್ನೇ ಮುಗಿಸಿ, ಆಮೇಲೆ ದೇವಾಲಯದ ಕಡೆ ಹತ್ತಿ.